ಹಿನ್ನೀರಿನ ಲೆಕ್ಕ: ಒಂದು ಸಣ್ಣ ಪ್ರಕಾಶನ, ಒಂದು ಮರುಮುದ್ರಣ

ಹೊಸ ಪುಸ್ತಕಗಳ ಕಟ್ಟು ಬಿಚ್ಚುವ ಕತ್ತರಿಯಲ್ಲೇ ವಾಪಸು ಬಂದ ಪುಸ್ತಕಗಳ ಕಟ್ಟನ್ನೂ ಬಿಚ್ಚುತ್ತೇವೆ. ವಾಸನೆ ಮಾತ್ರ ಬೇರೆ. ಮುದ್ರಣಾಲಯದಿಂದ ಬಂದ ಕಟ್ಟಿಗೆ ಶಾಯಿ ಮತ್ತು ಅಂಟಿನ ಹಸಿ ವಾಸನೆ. ಗೋದಾಮಿನಿಂದ ಮರಳಿದ ಕಟ್ಟಿನಲ್ಲಿ ರಟ್ಟು, ಧೂಳು, ಯಾವುದೋ ಅಂಗಡಿಯ ಬೆಲೆಚೀಟಿ ಕಿತ್ತ ಜಾಗದಲ್ಲಿ ಉಳಿದ ಗೋಂದು. ಒಂದೇ ವಾರದಲ್ಲಿ ಅಂಥ ನಲವತ್ತೊಂದು ಕಟ್ಟುಗಳನ್ನು ಬಿಚ್ಚಿದೆವು. ಒಟ್ಟು 1,012 ಪ್ರತಿಗಳು. ಎಂಟು ತಿಂಗಳ ಹಿಂದೆ ಇದೇ ಬಾಗಿಲಿನಿಂದ, ಇದೇ ಬಗೆಯ ಲಾರಿಯಲ್ಲಿ, ನಾವೇ ಸಂಭ್ರಮದಿಂದ ಏರಿಸಿ ಕಳುಹಿಸಿದ್ದ 1,500 ಪ್ರತಿಗಳಲ್ಲಿ ಮೂರನೇ ಎರಡು ಪಾಲು.

ನಮ್ಮದು ಮೂವರ ಪ್ರಕಾಶನ. ಒಬ್ಬರು ಹಸ್ತಪ್ರತಿ ಓದಿ ಕರಡು ತಿದ್ದುತ್ತಾರೆ, ಇನ್ನೊಬ್ಬರು ದಾಸ್ತಾನು ಮತ್ತು ಲೆಕ್ಕಪತ್ರ ನೋಡಿಕೊಳ್ಳುತ್ತಾರೆ, ಉಳಿದದ್ದೆಲ್ಲ ನನ್ನ ಪಾಲು. ವರ್ಷಕ್ಕೆ ನಾಲ್ಕೈದು ಪುಸ್ತಕ. ಎಲ್ಲವೂ ಒಂದು ನದಿಯ ಆಚೀಚಿನ ಸೀಮೆಗೆ ಸೇರಿದವು: ಅಲ್ಲಿನವರು ಬರೆದದ್ದು ಇಲ್ಲವೇ ಅಲ್ಲಿನದನ್ನು ಕುರಿತದ್ದು. ನದಿಯ ಹೆಸರು, ಊರುಗಳ ಹೆಸರು, ಲೇಖಕರ ಹೆಸರು ಇಲ್ಲಿ ಬೇಡ. ಇಂಥ ಪ್ರಕಾಶನ ಯಾವ ಸೀಮೆಯಲ್ಲಾದರೂ ಇರಬಹುದು, ನಮಗಾದದ್ದು ಯಾರಿಗಾದರೂ ಆಗಬಹುದು. ಹಣದ ಲೆಕ್ಕ ಹೇಳುವಾಗ ಪುಸ್ತಕದ ಮುಖಬೆಲೆಯನ್ನು 100 ಎಂದು ಇಟ್ಟುಕೊಳ್ಳುತ್ತೇನೆ. ಓದುಗರು ತಮ್ಮ ತಮ್ಮ ನಾಣ್ಯಕ್ಕೆ ಹೊಂದಿಸಿಕೊಳ್ಳಬಹುದು.

ಪುಸ್ತಕ

ಲೇಖಕರು ನಿವೃತ್ತ ನೌಕರರು. ಮೂವತ್ತೊಂದು ವರ್ಷ ನದಿಯ ದಡದಲ್ಲಿ ನೆಟ್ಟ ಅಳತೆ ಪಟ್ಟಿಯನ್ನು ದಿನಕ್ಕೆ ಮೂರು ಹೊತ್ತು ಓದಿ ನೀರಿನ ಮಟ್ಟ ಬರೆದಿಟ್ಟವರು; ನೆರೆಯ ದಿನಗಳಲ್ಲಿ ಗಂಟೆಗೊಮ್ಮೆ, ಲಾಟೀನು ಹಿಡಿದು. ಸರ್ಕಾರಿ ದಾಖಲೆ ಪುಸ್ತಕದಲ್ಲಿ ಅಂಕಿ ಬರೆದ ಮೇಲೆ ತಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವುದು ಅವರ ಅಭ್ಯಾಸ: ಯಾವ ಮನೆಯ ಹಟ್ಟಿಗೆ ನೀರು ನುಗ್ಗಿತು, ಯಾವ ದೋಣಿ ಕಳಚಿಕೊಂಡಿತು, ಯಾರು ಮಾಳಿಗೆಯ ಮೇಲೆ ರಾತ್ರಿ ಕಳೆದರು. ಅಂಥ ಹದಿನೇಳು ನೋಟ್‌ಬುಕ್ಕುಗಳಿಂದ ತೆಗೆದದ್ದು ಈ ಪುಸ್ತಕ. ಡೆಮಿ ಆಕಾರ, 256 ಪುಟ, ಹದಿನಾರು ಪುಟದ ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಚುವ ಹಾಳೆ) ಲೆಕ್ಕದಲ್ಲಿ ಸರಿಯಾಗಿ ಹದಿನಾರು ಫಾರಂ.

ಹದಿನಾರಕ್ಕೆ ಸರಿಹೋದದ್ದು ಕೊನೆಯ ಎಂಟು ಪುಟಗಳಿಂದ. ಪುಸ್ತಕದಲ್ಲಿ ಬರುವ ಪ್ರತಿಯೊಂದು ಹಳ್ಳಿ, ಕೇರಿ, ದೋಣಿಗಟ್ಟದ ಹೆಸರಿಗೂ ಪುಟಸಂಖ್ಯೆ ಕೊಟ್ಟ ಸೂಚಿ ಬೇಕೇ ಬೇಕು ಎಂದು ಲೇಖಕರು ಹಟ ಹಿಡಿದಿದ್ದರು. ನಾನು ಬೇಡವೆಂದಿದ್ದೆ. ಅರ್ಧ ಫಾರಂ ಉಳಿಯುತ್ತದೆ, ಇದೇನು ಸಂಶೋಧನಾ ಗ್ರಂಥವೇ ಎಂಬುದು ನನ್ನ ವಾದ. ಅವರು ವಾದಿಸಲಿಲ್ಲ. ಮರುದಿನ ಸೂಚಿಯನ್ನು ತಾವೇ ಕೈಬರಹದಲ್ಲಿ ಬರೆದು ತಂದು ಮೇಜಿನ ಮೇಲಿಟ್ಟು ಹೋದರು. 214 ಹೆಸರುಗಳು. ಕರಡು ತಿದ್ದುವವರು ಅದನ್ನು ನೋಡಿ ನನ್ನ ಮುಖ ನೋಡಿದರು. ಸೂಚಿ ಸೇರಿತು.

ಪುಸ್ತಕ ಬಂದ ಮೇಲೆ ನದಿ ಸೀಮೆಯ ಯಾವ ಊರಿಗೆ ಹೋದರೂ ಜನ ಅದನ್ನು ಹಿಂದಿನಿಂದ ತೆರೆಯುತ್ತಿದ್ದರು. ಬೆನ್ನುಡಿ ಓದುವುದಿಲ್ಲ, ಮುನ್ನುಡಿಯ ಕಡೆ ನೋಡುವುದಿಲ್ಲ. ಕೊನೆಯ ಪುಟಕ್ಕೆ ಹೋಗಿ, ಬೆರಳಿಟ್ಟು ಕೆಳಗಿಳಿದು, ತಮ್ಮ ಊರು ಸಿಕ್ಕಿದ ಕೂಡಲೇ ಆ ಪುಟಕ್ಕೆ ಹಾರುತ್ತಾರೆ, ನಿಂತಲ್ಲೇ ಓದುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಊರು ಸಿಗದಿದ್ದವರು ಜಗಳಕ್ಕೆ ಬರುತ್ತಾರೆ, ಮತ್ತು ಅವರೂ ಕೊಳ್ಳುತ್ತಾರೆ. ನಾನು ಉಳಿಸಹೊರಟಿದ್ದ ಅರ್ಧ ಫಾರಮ್ಮೇ ಪುಸ್ತಕ ಮಾರುತ್ತಿತ್ತು.

ಮೆಟ್ಟಿಲುಗಳು

ಲೇಖಕರನ್ನು ಓದುಗರ ಮುಂದೆ ನಿಲ್ಲಿಸುವ ನಮ್ಮ ಮೊದಲ ಯತ್ನ ಸೋಲು. ಒಂದು ಸಭಾಂಗಣ ಹಿಡಿದೆವು, ನೂರು ಕುರ್ಚಿ ಹಾಕಿಸಿದೆವು, ಹದಿನಾಲ್ಕು ಜನ ಬಂದರು. ಲೇಖಕರು ನಲವತ್ತು ನಿಮಿಷ ತಲೆಯೆತ್ತದೆ ಓದಿದರು. ಮೂರು ಪ್ರತಿ ಮಾರಾಟವಾಯಿತು. ಅದರಲ್ಲಿ ಒಂದನ್ನು ಸಭಾಂಗಣದ ಕಾವಲುಗಾರ ಕೊಂಡ. ಮನೆಗೆ ಮರಳುವಾಗ ಲೇಖಕರು ಒಂದೇ ಮಾತು ಆಡಿದರು: "ನನಗೆ ಓದಲು ಬರುವುದು ಅಳತೆ ಪಟ್ಟಿಯನ್ನು ಮಾತ್ರ."

ಎರಡನೆಯ ಊರಿನಲ್ಲಿ ವಾಚನಾಲಯದ ಜಗಲಿಯ ಮೇಲೆ ಕೂರಿಸಿದೆವು. ಹತ್ತು ನಿಮಿಷ ಓದಿರಬಹುದು. ಎದುರಿಗಿದ್ದ ಒಬ್ಬ ಮುದುಕಿ ನಡುವೆಯೇ ಕೈ ಅಡ್ಡ ಮಾಡಿದರು: "ಮೂರನೆಯ ಮೆಟ್ಟಿಲು ಅಲ್ಲಪ್ಪಾ, ಐದನೆಯದು. ಮೂರರ ಮೇಲೆ ನಾನು ನಿಂತಿದ್ದೆ, ನೀರು ಎದೆಮಟ್ಟ ಇತ್ತು." ಲೇಖಕರು ಓದು ನಿಲ್ಲಿಸಿದರು. ಜೇಬಿನಿಂದ ಪೆನ್ಸಿಲ್ ತೆಗೆದರು. ಯಾವ ಮನೆ, ಯಾವ ಕಡೆಯ ಮೆಟ್ಟಿಲು, ಮೆಟ್ಟಿಲು ಎಷ್ಟು ಎತ್ತರ, ಎಷ್ಟು ಹೊತ್ತಿನಲ್ಲಿ ಎಂದು ಒಂದೊಂದಾಗಿ ಕೇಳಿ ತಮ್ಮ ಪ್ರತಿಯ ಅಂಚಿನಲ್ಲಿ ಬರೆದುಕೊಂಡರು. ಮೂವತ್ತೊಂದು ವರ್ಷ ಮಾಡಿದ ಕೆಲಸ; ಮುಖದಲ್ಲಿದ್ದ ಸಂಕೋಚ ಎಲ್ಲಿಗೆ ಹೋಯಿತೋ. ಜಗಲಿಯ ಸುತ್ತ ಜನ ಒತ್ತಿಕೊಂಡು ನಿಂತರು. ಯಾರೋ ಸುಣ್ಣದ ಕಡ್ಡಿ ತಂದರು. ಗೋಡೆಯ ಮೇಲೆ ನಮ್ಮ ಮನೆಯಲ್ಲಿ ಇಷ್ಟು, ನಮ್ಮ ಮನೆಯಲ್ಲಿ ಅಷ್ಟು ಎಂದು ಗೆರೆ ಎಳೆಯಲಾರಂಭಿಸಿದರು. ಆ ಸಂಜೆ 46 ಪ್ರತಿ ಹೋಯಿತು.

ಅಲ್ಲಿಂದ ಮುಂದೆ ಕಾರ್ಯಕ್ರಮದ ರೂಪ ಅದೇ: ವೇದಿಕೆ ಇಲ್ಲ, ಭಾಷಣವಿಲ್ಲ, ಹತ್ತು ನಿಮಿಷದ ಓದು, ಒಂದು ಗೋಡೆ, ಸುಣ್ಣದ ಕಡ್ಡಿ. ನಾಲ್ಕು ತಿಂಗಳಲ್ಲಿ ಹನ್ನೊಂದು ಊರು, 410 ಪ್ರತಿ. ಸೀಮೆಯ ಅಂಗಡಿಗಳಲ್ಲಿ 150, ಅಂಚೆಯಲ್ಲಿ 80. ಗೌರವ ಪ್ರತಿಗಳು 40. ಮೊದಲ ಮುದ್ರಣದ ಸಾವಿರದಲ್ಲಿ ಉಳಿದದ್ದು 320.

ಲೇಖಕರನ್ನು ಪ್ರಚಾರ ಮಾಡುವುದೆಂದರೆ ಮಾತುಗಾರರನ್ನಾಗಿ ಮಾಡುವುದು ಎಂದು ಪ್ರಕಾಶಕರು ತಪ್ಪು ತಿಳಿಯುತ್ತೇವೆ. ಪುಸ್ತಕ ಬರೆಯುವ ಮೊದಲೇ ಅವರು ಏನನ್ನೋ ಚೆನ್ನಾಗಿ ಮಾಡುತ್ತಿದ್ದರಲ್ಲ, ಅದನ್ನೇ ಜನರ ಎದುರು ಮಾಡಲು ಬಿಟ್ಟರೆ ಸಾಕು. ಇದನ್ನು ನಾನು ಕಂಡುಹಿಡಿದೆ ಎಂದು ಹೇಳಿಕೊಳ್ಳುವಂತಿಲ್ಲ. ಕಂಡುಹಿಡಿದದ್ದು ಆ ಮುದುಕಿ.

ವಿಮರ್ಶೆ ಬಂದ ವಾರ

ಐದನೆಯ ತಿಂಗಳಲ್ಲಿ ದೊಡ್ಡ ನಗರದ ಪತ್ರಿಕೆಯೊಂದು ಅರ್ಧ ಪುಟದ ವಿಮರ್ಶೆ ಪ್ರಕಟಿಸಿತು. ಹೊಗಳಿಕೆಯೇ. ನದಿಯ ಕುರಿತ ಧ್ಯಾನ, ಗದ್ಯಕಾವ್ಯ ಎಂಬಂಥ ಮಾತುಗಳಿದ್ದವು. ಸೂಚಿಯ ಪ್ರಸ್ತಾಪವಿರಲಿಲ್ಲ, ನಡುನಡುವೆ ಬರುವ ನೀರಿನ ಮಟ್ಟದ ಕೋಷ್ಟಕಗಳ ಸುದ್ದಿಯೂ ಇರಲಿಲ್ಲ. ನಮಗೆ ಆ ದಿನ ಅದು ಕಾಣಲಿಲ್ಲ. ವಿಮರ್ಶೆಯನ್ನು ಕತ್ತರಿಸಿ ಬಾಗಿಲಿಗೆ ಅಂಟಿಸಿದೆವು.

ಮೂರನೆಯ ದಿನ ಒಬ್ಬ ದೊಡ್ಡ ವಿತರಕರಿಂದ ಬೇಡಿಕೆ ಬಂತು: 1,500 ಪ್ರತಿ, ಐದು ವಾರದೊಳಗೆ. ನಮ್ಮ ಹನ್ನೆರಡು ವರ್ಷದ ಬದುಕಿನಲ್ಲಿ ಯಾವ ಪುಸ್ತಕವೂ ಒಟ್ಟಾರೆಯಾಗಿ ಸಾವಿರದ ಗೆರೆ ದಾಟಿರಲಿಲ್ಲ. ಷರತ್ತುಗಳು ವ್ಯಾಪಾರದಲ್ಲಿ ಇರುವಂಥವೇ: ಮುಖಬೆಲೆಯ ಮೇಲೆ ನೂರಕ್ಕೆ 55 ಕಮಿಷನ್, ತೊಂಬತ್ತು ದಿನಕ್ಕೆ ಲೆಕ್ಕ, ಮಾರಾಟವಾಗದ್ದನ್ನು ವಾಪಸು ಮಾಡುವ ಹಕ್ಕು. ಈ ಕೊನೆಯ ಷರತ್ತಿಗೆ ಒಂದು ಇತಿಹಾಸವಿದೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಂಗಡಿಗಳು ಹೊಸ ಪುಸ್ತಕ ಕೊಳ್ಳಲು ಹೆದರಿದಾಗ, ಮಾರದಿದ್ದರೆ ನಾವೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಅಮೆರಿಕದ ಪ್ರಕಾಶಕರು ಧೈರ್ಯ ತುಂಬಿದರು. ಕುಸಿತ ಮುಗಿಯಿತು, ಪದ್ಧತಿ ಉಳಿಯಿತು. ಮುಂದೆ ಬೇರೆ ಬೇರೆ ದೇಶಗಳಲ್ಲೂ ಬಳಕೆಗೆ ಬಂತು. ಅಂಗಡಿಯ ಮೇಜಿನ ಮೇಲೆ ಪುಸ್ತಕ ರಾಶಿ ಬಿದ್ದಿರುತ್ತದೆ, ಆದರೆ ಅದು ಇನ್ನೂ ಪ್ರಕಾಶಕನ ಹಣ. ಇದು ಗೊತ್ತಿಲ್ಲದ ಪ್ರಕಾಶಕನಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದದ್ದು ನೆನಪಿಗೆ ಬರಲಿಲ್ಲ, ಅಷ್ಟೆ.

ಆ ವಾರ ನಾವು ಮೂರು ತೀರ್ಮಾನ ಮಾಡಿದೆವು. ಮೂರೂ ತಪ್ಪು, ಆದರೆ ಮೂರಕ್ಕೂ ಒಂದೇ ತೂಕವಿಲ್ಲ.

ಮೊದಲನೆಯದು ಸಂಖ್ಯೆ. ಮೊದಲ ಮುದ್ರಣದಲ್ಲಿ ಸಾವಿರ ಪ್ರತಿಗೆ ತಲಾ 24 ಬಿದ್ದಿತ್ತು. ಮುದ್ರಕರು ಈಗ 1,500ಕ್ಕೆ ತಲಾ 20, 2,500ಕ್ಕೆ ತಲಾ 17 ಎಂದರು. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟಿನ ಖರ್ಚು, ಯಂತ್ರ ಹೊಂದಿಸುವ ಖರ್ಚು ಹತ್ತು ಪ್ರತಿಗೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ಸಂಖ್ಯೆ ಏರಿದಂತೆ ಅದು ಹಂಚಿಹೋಗುತ್ತದೆ. "ಹೆಚ್ಚಿನ ಸಾವಿರ ಪ್ರತಿ ನಿಮಗೆ ತಲಾ ಹನ್ನೆರಡೂವರೆಗೆ ಬಿದ್ದ ಹಾಗಾಯಿತು" ಎಂದು ಮುದ್ರಕರು ಲೆಕ್ಕ ಮಾಡಿ ತೋರಿಸಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. 2,500 ಹಾಕಿಸಿದೆವು.

ಎರಡನೆಯದು ಮುಖಪುಟ. ಮೊದಲ ಮುದ್ರಣದ ಮುಖಪುಟದಲ್ಲಿ ಇದ್ದದ್ದು ದಡದ ಅಳತೆ ಪಟ್ಟಿಯ ಕಪ್ಪುಬಿಳುಪು ಚಿತ್ರ. ಸೀಮೆಯವರೆಲ್ಲ ದಿನವೂ ನೋಡುವ ಪಟ್ಟಿ. ನಗರದ ಮೇಜಿನ ಮೇಲೆ ಅದು ಎದ್ದುಕಾಣದು ಎಂದು ವಿತರಕರ ಕಡೆಯವರು ಸೂಚಿಸಿದರು. ನೀಲಿ ಬಣ್ಣದ ಅಮೂರ್ತ ಚಿತ್ರವೊಂದನ್ನು ಹಾಕಿ, ಅದರ ಕೆಳಗೆ ವಿಮರ್ಶೆಯ ಧ್ಯಾನದ ಮಾತನ್ನು ಅಚ್ಚು ಹಾಕಿಸಿದೆವು.

ಮೂರನೆಯದನ್ನು ಬರೆಯಲು ಈಗಲೂ ಕೈ ಹಿಂದೇಟು ಹಾಕುತ್ತದೆ. ಹನ್ನೊಂದು ಊರುಗಳ ಗೋಡೆಗಳ ಮುಂದೆ ಲೇಖಕರು ಬರೆದುಕೊಂಡ ತಿದ್ದುಪಡಿಗಳು ಆ ಹೊತ್ತಿಗೆ 23 ಆಗಿದ್ದವು. ಮರುಮುದ್ರಣ ಎಂದ ಕೂಡಲೇ ಅವರು ಪಟ್ಟಿ ಹಿಡಿದು ಬಂದರು. ಎಲ್ಲವನ್ನೂ ತಾಳೆ ನೋಡಿ ಸೇರಿಸಲು ಮೂರು ವಾರ ಕೊಡಿ ಎಂದರು. ವಿತರಕರ ಗಡುವು ಮೀರುತ್ತದೆ ಎಂದೆ. ಅವರು ಸುಮ್ಮನಿದ್ದರು. ಸುಮ್ಮನಿದ್ದವರ ಮುಂದೆ ನಾವು ಹೆಚ್ಚು ಮಾತಾಡುತ್ತೇವೆ. ಪಠ್ಯ ಬದಲಾದರೆ ಪರಿಷ್ಕೃತ ಆವೃತ್ತಿಯಾಗುತ್ತದೆ, ಹೊಸ ಐಎಸ್‌ಬಿಎನ್ (ಪುಸ್ತಕದ ಹದಿಮೂರು ಅಂಕಿಯ ಗುರುತು ಸಂಖ್ಯೆ) ಬೇಕಾಗುತ್ತದೆ, ವಿತರಕರ ಬೇಡಿಕೆ ಹಳೆಯ ಸಂಖ್ಯೆಗೆ ಬಂದಿದೆ ಎಂದೆಲ್ಲ ಹೇಳಿದೆ. ಅರ್ಧ ಸತ್ಯ. ಪಠ್ಯದಲ್ಲಿ ಗಣನೀಯ ಬದಲಾವಣೆಯಾದರೆ ಹೊಸ ಸಂಖ್ಯೆ ಬೇಕು ಎಂಬುದು ನಿಯಮ. ಸಣ್ಣಪುಟ್ಟ ತಿದ್ದುಪಡಿಗೆ ಬೇಡ. 256 ಪುಟದಲ್ಲಿ 23 ಮೆಟ್ಟಿಲು–ಗಂಟೆಗಳ ತಿದ್ದುಪಡಿ ಯಾವ ಗುಂಪಿಗೆ ಸೇರುತ್ತದೆಂದು ಕೇಳಿ ತಿಳಿಯಬಹುದಿತ್ತು. ನಾನು ಕೇಳಲಿಲ್ಲ. ನೆಪ ಬೇಕಿತ್ತು, ಹದಿಮೂರು ಅಂಕಿಯ ನೆಪ ಸಿಕ್ಕಿತು.

ಲೆಕ್ಕ

ನಾವು ಕಂಡ ಕನಸಿನ ಲೆಕ್ಕ ಸರಳವಾಗಿತ್ತು. ವಿತರಕರಿಂದ ಪ್ರತಿಗೆ 45ರಂತೆ 1,500ಕ್ಕೆ 67,500. ಮುದ್ರಕರಿಗೆ 42,500, ಸಾಗಣೆಗೆ 4,500, ಲೇಖಕರ ರಾಯಲ್ಟಿ ಮುಖಬೆಲೆಯ ನೂರಕ್ಕೆ ಹತ್ತರಂತೆ 15,000. ಉಳಿಕೆ 5,500, ಜೊತೆಗೆ ಕಪಾಟಿನಲ್ಲಿ ಸಾವಿರ ಪ್ರತಿ ಬಿಟ್ಟಿ. "ಬಿಟ್ಟಿ" ಎಂಬ ಪದವನ್ನು ಬಳಸಿದ್ದು ನಾನೇ. ಲೆಕ್ಕ ನೋಡುವವರು ಆ ದಿನದ ಹಾಳೆಯ ಮೇಲೆ ಅದರ ಸುತ್ತ ಒಂದು ಸೊನ್ನೆ ಸುತ್ತಿಟ್ಟಿದ್ದಾರೆ.

ನಡೆದದ್ದು ಬೇರೆ. ಮುದ್ರಕರ ಬಿಲ್ಲು ಅರುವತ್ತನೆಯ ದಿನಕ್ಕೆ ಬಂತು. ಅರ್ಧವಾರ್ಷಿಕ ಲೆಕ್ಕದಲ್ಲಿ 1,500 ಪ್ರತಿಯನ್ನು "ಮಾರಾಟ" ಎಂಬ ಅಂಕಣದಲ್ಲೇ ಬರೆದು ಲೇಖಕರಿಗೆ 15,000 ರಾಯಲ್ಟಿ ಕೊಟ್ಟೆವು, ಹೆಮ್ಮೆಯಿಂದಲೇ ಕೊಟ್ಟೆವು. ತೊಂಬತ್ತನೆಯ ದಿನ ವಿತರಕರಿಂದ ಬಂದದ್ದು ಹಣವಲ್ಲ, ಲೆಕ್ಕ ಇನ್ನೂ ಮುಗಿದಿಲ್ಲವೆಂಬ ಪತ್ರ. ಎಂಟನೆಯ ತಿಂಗಳಲ್ಲಿ ನಲವತ್ತೊಂದು ಕಟ್ಟುಗಳು ಬಂದವು. ಮಾರಾಟವಾದದ್ದು 488. ಅದಕ್ಕೆ 21,960, ವಾಪಸು ಸಾಗಣೆ ಮತ್ತು ನಿರ್ವಹಣೆಗೆಂದು ಪ್ರತಿಗೆ ಮೂರರಂತೆ 3,036 ಮುರಿದುಕೊಂಡು ನಮಗೆ ಸಂದದ್ದು 18,924. ಕೈಯಿಂದ ಹೋದದ್ದು 62,000. ಅಂತರ 43,076. ಊರಿನ ಗೋಡೆಯ ಮುಂದೆ ಒಂದು ಪ್ರತಿ ಮಾರಿದರೆ ರಿಯಾಯಿತಿ, ಪ್ರಯಾಣ ಕಳೆದು 84 ಕೈಗೆ ಬರುತ್ತದೆ. ಆ ಹಳ್ಳ ಮುಚ್ಚಲು ಅಂಥ 513 ಪ್ರತಿ ಬೇಕು.

ಯಾರೂ ನಮಗೆ ಮೋಸ ಮಾಡಲಿಲ್ಲ ಎಂಬುದನ್ನು ಬರೆದಿಡಬೇಕು. ವಿತರಕರು ಒಪ್ಪಂದದಲ್ಲಿದ್ದದ್ದನ್ನೇ ಮಾಡಿದರು. ವಿಮರ್ಶೆ ಓದಿ ಕೊಳ್ಳಲು ಹೋದ ನಗರದ ಓದುಗರು ಧ್ಯಾನ ನಿರೀಕ್ಷಿಸಿ ಪುಟ ತಿರುಗಿಸಿದಾಗ ಕೋಷ್ಟಕ ಕಂಡು ಕೆಳಗಿಟ್ಟಿದ್ದರೆ ಅವರ ತಪ್ಪೂ ಅಲ್ಲ.

ವಾಪಸು ಬಂದ ವಾರ ಲೇಖಕರು ಕಚೇರಿಗೆ ಬಂದರು. ಹೆಚ್ಚುವರಿಯಾಗಿ ಕೊಟ್ಟ ರಾಯಲ್ಟಿ 10,120 ಎಂದು ಹೇಳುವುದು ಹೇಗೆಂದು ನಾನು ತಡವರಿಸುತ್ತಿದ್ದೆ. ಅವರೇ ಲೆಕ್ಕದ ಹಾಳೆ ಎಳೆದುಕೊಂಡು ಓದಿದರು.

"ಇದರಲ್ಲಿ ನೀವು ಮಟ್ಟ ಬರೆದಿದ್ದೀರಿ, ಹರಿವು ಬರೆದಿಲ್ಲ" ಎಂದರು.

ಅರ್ಥವಾಗಲಿಲ್ಲ ಎಂದೆ.

"ಪಟ್ಟಿಯಲ್ಲಿ ನೀರು ಏರಿದ್ದು ಕಂಡ ಮಾತ್ರಕ್ಕೆ ಹೆಚ್ಚು ನೀರು ಹರಿದಿದೆ ಎನ್ನಲಾಗದು. ಕೆಳಗಡೆ ಎಲ್ಲಾದರೂ ತಡೆ ಇದ್ದರೂ ಮೇಲ್ಗಡೆ ಮಟ್ಟ ಏರುತ್ತದೆ. ಅದು ಹಿನ್ನೀರು. ಹೊಸದಾಗಿ ಸೇರಿದವರು ಮೊದಲ ವರ್ಷ ಮಾಡುವ ತಪ್ಪು ಇದು. ನಮ್ಮ ಮೇಲಿನವರು ಹೇಳುತ್ತಿದ್ದರು, ಮಟ್ಟ ಓದಿದ ಮೇಲೆ ಕೆಳಗೆ ನಡೆದುಹೋಗಿ ನೋಡಿ ಬಾ ಎಂದು."

ಆಮೇಲೆ ಆ 10,120ನ್ನು ಮುಂದಿನ ಮಾರಾಟದಲ್ಲಿ ಮುರಿದುಕೊಳ್ಳಿ ಎಂದು ಪೆನ್ಸಿಲ್‌ನಲ್ಲಿ ಹಾಳೆಯ ಅಡಿಯಲ್ಲಿ ಬರೆದು ಸಹಿ ಹಾಕಿದರು. ಒಪ್ಪಂದದ ಪ್ರಕಾರ ಅವರು ಹಾಗೆ ಮಾಡಬೇಕಾಗಿರಲಿಲ್ಲ. ನಮ್ಮ ಒಪ್ಪಂದದಲ್ಲಿ ವಾಪಸಾತಿಯ ಪಾಲನ್ನು ತಡೆಹಿಡಿಯುವ ಷರತ್ತೇ ಇರಲಿಲ್ಲ. ಈಗ ಇದೆ: ವಿತರಕರ ಮೂಲಕ ಹೋದ ಪ್ರತಿಗಳ ರಾಯಲ್ಟಿಯಲ್ಲಿ ನೂರಕ್ಕೆ 30ನ್ನು ಮುಂದಿನ ಲೆಕ್ಕದವರೆಗೆ ಇಟ್ಟುಕೊಳ್ಳುತ್ತೇವೆ. ಹೊಸ ಲೇಖಕರಿಗೆ ಅದನ್ನು ವಿವರಿಸುವಾಗ ಈ ನಲವತ್ತೊಂದು ಕಟ್ಟುಗಳ ಕತೆ ಹೇಳುತ್ತೇನೆ. ತಕರಾರು ಮಾಡಿದವರು ಈವರೆಗೆ ಇಲ್ಲ.

ಎಲ್ಲರೂ ಅಷ್ಟು ಉದಾರಿಗಳಾಗಿರಬೇಕಿಲ್ಲ. ಆ ವರ್ಷ ಬರಬೇಕಿದ್ದ ಎರಡು ಪುಸ್ತಕಗಳನ್ನು ಮುಂದೂಡಿದೆವು. ಒಂದು ಕವನ ಸಂಕಲನ. ಕವಯಿತ್ರಿ ಒಂದು ವರ್ಷ ಕಾದು, ಒಂದು ಸಾಲಿನ ಪತ್ರ ಬರೆದು, ಹಸ್ತಪ್ರತಿಯನ್ನು ಬೇರೆ ಕಡೆ ಕೊಟ್ಟರು. ಸಂಕಲನ ಚೆನ್ನಾಗಿ ಬಂದಿದೆ. ನದಿಯ ಪುಸ್ತಕದ ನಷ್ಟ ಹಾಳೆಯಲ್ಲಿ ಕಾಣುತ್ತದೆ, ಈ ನಷ್ಟಕ್ಕೆ ಅಂಕಣವಿಲ್ಲ.

ಬೇರೆ ದಾರಿ ಇತ್ತೇ

ಇತ್ತು. ಕೈಯಲ್ಲಿದ್ದ 320ರಲ್ಲಿ ಮುನ್ನೂರನ್ನು ಕಳುಹಿಸಿ, ಅದು ನಿಜವಾಗಿ ಖಾಲಿಯಾದಂತೆ ಡಿಜಿಟಲ್ ಮುದ್ರಣದಲ್ಲಿ ಇನ್ನೂರಿನ್ನೂರು ಹಾಕಿಸಬಹುದಿತ್ತು. ಡಿಜಿಟಲ್‌ನಲ್ಲಿ ಪ್ಲೇಟಿನ ಖರ್ಚಿಲ್ಲ, ಆದ್ದರಿಂದ ಪ್ರತಿಯ ದರ ಸಂಖ್ಯೆಯ ಜೊತೆ ಹೆಚ್ಚು ಇಳಿಯುವುದೂ ಇಲ್ಲ. ನಮಗೆ ಸಿಗುತ್ತಿದ್ದ ದರ 29. ವಿತರಕರ 45ರಲ್ಲಿ ಮುದ್ರಣ 29, ರಾಯಲ್ಟಿ 10, ಸಾಗಣೆ 3 ಹೋದರೆ ಪ್ರತಿಗೆ ಉಳಿಯುವುದು ಮೂರೇ ಮೂರು. ಆ ಮೂರನ್ನು ನೋಡಿಯೇ ನಾವು ಮುಖ ಸಿಂಡರಿಸಿದ್ದು. ಆದರೆ 488 ಪ್ರತಿ ಪೂರೈಸಲು ಒಂದೇ ಇನ್ನೂರರ ಮುದ್ರಣ ಸಾಕಿತ್ತು: 5,800. ಅಗ್ಗವಾದ 17ರ ದರಕ್ಕೆ ನಾವು ಕೊಟ್ಟದ್ದು 42,500.

ಇದಕ್ಕೆ ಲೆಕ್ಕ ನೋಡುವವರ ಪ್ರತಿವಾದ ಒಂದಿದೆ, ಅದನ್ನು ತಳ್ಳಿಹಾಕಲಾರೆ. ಮುನ್ನೂರೇ ಪ್ರತಿ ಕೊಟ್ಟಿದ್ದರೆ ಯಾವ ಅಂಗಡಿಯ ಮೇಜಿನ ಮೇಲೂ ರಾಶಿ ಇರುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುವಂತೆ ಕಪಾಟಿಗೆ ಹೋಗುತ್ತಿತ್ತು, 488ರ ಬದಲು 200 ಮಾರಾಟವಾಗುತ್ತಿತ್ತು. ಇರಬಹುದು. ಆ 288 ಓದುಗರನ್ನು ಕಳೆದುಕೊಂಡು ಕವನ ಸಂಕಲನವನ್ನು ಉಳಿಸಿಕೊಳ್ಳುವುದು ನನಗೆ ಒಪ್ಪಿಗೆ. ಅವರಿಗೆ ಅಷ್ಟು ಒಪ್ಪಿಗೆಯಿಲ್ಲ. ಈ ಮಾತು ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಆಮೇಲಿನ ಇಪ್ಪತ್ತು ತಿಂಗಳು

ಕಪಾಟಿನಲ್ಲಿ 2,332 ಪ್ರತಿ. ಅದರಲ್ಲಿ 286ರ ಮೂಲೆ ಮಡಿಚಿತ್ತು ಅಥವಾ ಮುಖಪುಟದ ಮೇಲೆ ಗೋಂದಿನ ಕಲೆ ಇತ್ತು. ಗೋಂದು ತೆಗೆಯಲು ಹತ್ತಿಯಲ್ಲಿ ಸೀಮೆಎಣ್ಣೆ ಅದ್ದಿ ಒರೆಸುವ ಉಪಾಯವನ್ನು ಒಂದು ಪ್ರತಿಯ ಮೇಲೆ ಪ್ರಯೋಗಿಸಿ, ನೀಲಿ ಬಣ್ಣವೂ ಎದ್ದು ಬಂದದ್ದು ಕಂಡು ನಿಲ್ಲಿಸಿದೆವು. ಅವನ್ನು ಅರ್ಧ ಬೆಲೆಗೆ ಶಾಲೆಗಳಿಗೆ ಕೊಟ್ಟೆವು, 240 ಹೋದವು.

ಮತ್ತೆ ಗೋಡೆಗಳ ಮುಂದೆ ಹೋದೆವು. ಮೊದಲ ಸಂಜೆಯೇ ಪೆಟ್ಟು ಬಿತ್ತು. ನೀಲಿ ಮುಖಪುಟ ಕಂಡು ಒಬ್ಬರು "ಇದು ಆ ಪುಸ್ತಕ ಅಲ್ಲವಲ್ಲ, ಆ ನೀರಿನ ಪಟ್ಟಿಯ ಪುಸ್ತಕ ಮುಗಿಯಿತೇ?" ಎಂದರು. ಇನ್ನೊಬ್ಬರು ಹಿಂದಿನಿಂದ ತೆರೆದು, ತಮ್ಮ ಊರಿನ ಪುಟಕ್ಕೆ ಹೋಗಿ, ತಾವು ಹಿಂದಿನ ಸಲ ಹೇಳಿದ ತಿದ್ದುಪಡಿ ಹುಡುಕಿದರು. ಎರಡನೆಯ ಮುದ್ರಣ ಎಂದು ಅಚ್ಚಾಗಿದ್ದ ಪುಟವನ್ನೂ ನೋಡಿದರು. ಏನೂ ಅನ್ನದೆ ಪುಸ್ತಕವನ್ನು ಜೋಪಾನವಾಗಿ ರಾಶಿಯ ಮೇಲಿಟ್ಟರು. ಆ ಸಂಜೆ ಹೋದದ್ದು ಒಂಬತ್ತು ಪ್ರತಿ. ಲೇಖಕರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮರುದಿನ ಎರಡು ಕೆಲಸ ಹಿಡಿದೆವು. ಹಳೆಯ ಕಪ್ಪುಬಿಳುಪು ಚಿತ್ರವನ್ನು ಅಗಲದ ಪಟ್ಟಿಯಾಗಿ ಅಚ್ಚು ಹಾಕಿಸಿ ನೀಲಿ ಮುಖಪುಟದ ಮೇಲೆ ಸುತ್ತಿದೆವು. ಧ್ಯಾನದ ಮಾತು ಅದರ ಅಡಿಗೆ ಹೋಯಿತು. ಎಂಟು ಪುಟದ, ಅಂದರೆ ಮತ್ತೆ ಅದೇ ಅರ್ಧ ಫಾರಮ್ಮಿನ, ತಪ್ಪು–ಒಪ್ಪು ಪುಸ್ತಿಕೆ ಮಾಡಿದೆವು. ಸಾಮಾನ್ಯವಾಗಿ ತಪ್ಪು–ಒಪ್ಪು ಪಟ್ಟಿ ಪ್ರಕಾಶಕ ನಾಚಿಕೊಂಡು ಅಂಟಿಸುವ ಸಣ್ಣ ಚೀಟಿ. ಇದರಲ್ಲಿ ಪ್ರತಿ ತಿದ್ದುಪಡಿಯ ಮುಂದೆ ಅದು ಯಾವ ಊರಿನ ಯಾವ ಸಂಜೆಯಲ್ಲಿ ಬಂದದ್ದೆಂದು ಬರೆದೆವು. ಹಿಂದೆ ಪುಸ್ತಕ ಕೊಂಡವರಿಗೂ ಬಿಟ್ಟಿಯಾಗಿ ಕೊಟ್ಟೆವು. ಕೆಲವರು ಪುಸ್ತಿಕೆ ಪಡೆಯಲು ಬಂದು, ಮನೆಯಲ್ಲಿದ್ದ ಪ್ರತಿ ಅಳಿಯನೊಬ್ಬ ಒಯ್ದನೆಂದು ಇನ್ನೊಂದು ಕೊಂಡರು.

ಪುಸ್ತಕದಂಗಡಿಯಲ್ಲದ ಕಡೆ ಮಾರುವುದನ್ನೂ ಆಗಲೇ ಶುರು ಮಾಡಿದ್ದು. ದೋಣಿ ಟಿಕೆಟಿನ ಗೂಡು, ಬೀಜದ ಅಂಗಡಿ, ಹಗ್ಗ ಬಲೆ ಮಾರುವ ಮಳಿಗೆ, ವೈದ್ಯರ ಕಾಯುವ ಕೋಣೆ: ಒಟ್ಟು ಹದಿನಾಲ್ಕು ಕಡೆ ಐದೈದು ಪ್ರತಿ. ನೂರಕ್ಕೆ 30 ಕಮಿಷನ್, ನಗದು, ವಾಪಸಿಲ್ಲ. ಬೇಕಿದ್ದರೆ ನಮ್ಮದೇ ಬೇರೆ ಪುಸ್ತಕಕ್ಕೆ ಬದಲಾಯಿಸಿಕೊಳ್ಳಬಹುದು. ಇದು ನಮ್ಮ ಶೋಧವೇನಲ್ಲ. 1935ರಲ್ಲಿ ಬ್ರಿಟನ್ನಿನ ಪ್ರಕಾಶಕ ಅಲೆನ್ ಲೇನ್ ಪೆಂಗ್ವಿನ್‌ನ ಅಗ್ಗದ ಪುಸ್ತಕಗಳನ್ನು ತಂದಾಗ ಪುಸ್ತಕ ವ್ಯಾಪಾರಿಗಳು ಮೂಗು ಮುರಿದರು. ಕೈಹಿಡಿದದ್ದು ಸೂಜಿ–ದಾರ–ಪಾತ್ರೆ ಮಾರುವ ವುಲ್‌ವರ್ತ್ ಅಂಗಡಿಗಳ ಸರಣಿ, ಅರುವತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳ ಬೇಡಿಕೆಯೊಂದಿಗೆ. ನಮ್ಮ ಬಲೆ ಮಳಿಗೆಯವರ ಬೇಡಿಕೆ ಒಂದು ಸಲಕ್ಕೆ ಐದು. ಆದರೆ ಐದು ಮುಗಿದ ದಿನವೇ ಫೋನ್ ಮಾಡುತ್ತಾರೆ.

ಇಪ್ಪತ್ತು ತಿಂಗಳಲ್ಲಿ 23 ಸಂಜೆಗಳಿಂದ 790, ಹದಿನಾಲ್ಕು ಗೂಡುಗಳಿಂದ 520, ಅಂಚೆಯಲ್ಲಿ 260. ಮುದ್ರಕರ ಬಾಕಿಯ ಕೊನೆಯ ಕಂತು ಹದಿನೈದನೆಯ ತಿಂಗಳಲ್ಲಿ ತೀರಿತು. ಅವರು ಬಡ್ಡಿ ಕೇಳಲಿಲ್ಲ. ಆ ಹನ್ನೆರಡೂವರೆಯ ಲೆಕ್ಕ ಅವರಿಗೂ ನೆನಪಿತ್ತೆಂದು ಕಾಣುತ್ತದೆ.

ಈಗ ಕಪಾಟಿನಲ್ಲಿ 522 ಪ್ರತಿಗಳಿವೆ. 46ರ ಮೂಲೆ ಮಡಿಚಿದೆ. ಪರಿಷ್ಕೃತ ಆವೃತ್ತಿಯ ಹಸ್ತಪ್ರತಿ ಸಿದ್ಧವಿದೆ. ಇವು ಮುಗಿಯುವವರೆಗೆ ಅಚ್ಚಿಗೆ ಹೋಗುವಂತಿಲ್ಲ, ಹೋದಾಗ ನಾನೂರಕ್ಕಿಂತ ಹೆಚ್ಚು ಹಾಕಿಸುವುದಿಲ್ಲವೆಂದು ಮೂವರೂ ಒಪ್ಪಿದ್ದೇವೆ. ಸೂಚಿ ಎಂಟು ಪುಟದಿಂದ ಹನ್ನೊಂದಕ್ಕೆ ಬೆಳೆದಿದೆ. ತಪ್ಪು–ಒಪ್ಪು ಪುಸ್ತಿಕೆ ಮೂರನೆಯ ಸಲ ಅಚ್ಚಾಗಿದೆ, ತಿದ್ದುಪಡಿಗಳು 41. ಕಳೆದ ವಾರ ಅಂಚೆಯಲ್ಲಿ ಒಂದು ಪತ್ರ ಬಂತು. ಜಗಲಿಯ ಮೇಲೆ ಕೈ ಅಡ್ಡ ಮಾಡಿದ್ದ ಆ ಮುದುಕಿಯ ಪಕ್ಕದ ಮನೆಯವರದು. ಆ ರಾತ್ರಿ ನೀರು ಮುಟ್ಟಿದ್ದು ಐದನೆಯ ಮೆಟ್ಟಿಲೂ ಅಲ್ಲವಂತೆ, ಆರನೆಯದಂತೆ. ಪತ್ರವನ್ನು ಲೇಖಕರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಮಡಿಚಿ ಜೇಬಿಗಿಟ್ಟುಕೊಂಡು, ಆ ಊರಿಗೆ ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.